ಟೀಕಾಕಾರನ ಪಾಲು

ಕನ್ನಡದ ಅಧ್ಯಾಪಕನೊಬ್ಬ ಗಣಿತವನ್ನು ಕುರಿತು ಲೇಖನಿ ಹಿಡಿದರೆ ವಾಚಕರು ಹುಬ್ಬೇರಿಸುವುದು ಸಹಜ. ಆ ಶಾಸ್ತ್ರದಲ್ಲಿ ನನಗಿರುವ ಅಧಿಕಾರ ಅತ್ಯಲ್ಪವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಗಣಿತದ ಒಂದು ಮೂಲೆಯಲ್ಲಿ ನಡೆದ ಒಂದು ಸಂಗತಿಗೂ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ತೀರ ಹತ್ತಿರದ ಸಂಬಂಧವಿದೆಯೆಂದು ನನ್ನ ನಂಬಿಕೆ. ಅದನ್ನು ಹೇಳದೆ ಇರಲಾರೆ.

ಇದಕ್ಕೆ ನಿಮಿತ್ತವಾದದ್ದು ಒಂದು ಅಸಮಾಧಾನ. ನನ್ನ ಸ್ನೇಹಿತರೊಬ್ಬರು ಹಳಗನ್ನಡದ ಚಂಪೂಕಾವ್ಯವೊಂದಕ್ಕೆ ಟೀಕೆ ಬರೆಯುತ್ತ ಹನ್ನೊಂದು ವರ್ಷ ಕಳೆದರು. ಪದ್ಯ ಪದ್ಯಕ್ಕೂ ಅನ್ವಯ, ಅರ್ಥ, ಪಾಠಾಂತರಗಳ ವಿಚಾರ. ಕಷ್ಟವಾದ ಕಡೆ ಜಾರಿಕೊಳ್ಳುವ ಅಭ್ಯಾಸ ಅವರಿಗಿಲ್ಲ. ಬಡ್ತಿಯ ಸಂದರ್ಭದಲ್ಲಿ ಆ ಹಸ್ತಪ್ರತಿ ಪರಿಶೀಲಕರ ಮುಂದೆ ಹೋಯಿತು. 'ಇದರಲ್ಲಿ ನಿಮ್ಮ ಸ್ವಂತದ್ದು ಏನಿದೆ?' ಎಂದು ಕೇಳಿ ಅವರು ಅದನ್ನು ಬದಿಗಿಟ್ಟರಂತೆ. ಎರಡನೆಯ ಸಲ ಯಾರೂ ಓದಲಾರದಂಥ ನಾಲ್ಕು 'ಸ್ವತಂತ್ರ' ಪ್ರಬಂಧಗಳಿಗೆ ಮಾತ್ರ ಅಂಕಗಳು ದೊರೆತವು.

ಅಧ್ಯಾಪಕರ ಕೊಠಡಿಯಲ್ಲಿ ನನ್ನ ಮೇಜಿಗೆ ಎದುರಾಗಿ ಗಣಿತದವರೊಬ್ಬರ ಮೇಜು ಇದೆ. ಆ ದಿನ ನಾನು ಅವರೊಡನೆ ಗೊಣಗಿದೆ: 'ನಿಮ್ಮ ಶಾಸ್ತ್ರವೇ ವಾಸಿ ಸ್ವಾಮಿ. ಅಲ್ಲಿ ಟೀಕಾಕಾರನೆಂಬ ಪ್ರಾಣಿಯೇ ಇಲ್ಲ. ಹೊಸದನ್ನು ಸಾಧಿಸಿದವನೇ ದೊಡ್ಡವನು, ಜಗಳವಿಲ್ಲ.' ಅವರು ನಕ್ಕರು. 'ಹಾಗೆಂದು ಯಾರು ಹೇಳಿದರು? ಎಪ್ಪತ್ತೊಂಬತ್ತು ಪುಟದ ಒಂದು ಮಹಾಪ್ರಬಂಧ ಹನ್ನೆರಡು ವರ್ಷ ಓದುವವರಿಲ್ಲದೆ ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಿದವರು ಇಬ್ಬರು ಟೀಕಾಕಾರರು' ಎಂದರು. ಆಮೇಲೆ ಹಲವು ತಿಂಗಳು ಬಿಡುವಿನ ಅವಧಿಗಳಲ್ಲಿ ಅವರ ಬಳಿ ಪಾಠ ಹೇಳಿಸಿಕೊಂಡೆ. ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು ರಂಗಸ್ಥಳದ ವಿಚಾರ. ಕಾಗದದ ಮೇಲಿನ ಬಿಂದುವನ್ನು ಗುರುತಿಸಲು ಎರಡು ಸಂಖ್ಯೆ ಸಾಕು; ಕೋಣೆಯೊಳಗಿನ ಬಿಂದುವಿಗೆ ಮೂರು. ಒಂದು ಹಗಲಿನ ಉಷ್ಣತೆ ಕ್ಷಣಕ್ಷಣಕ್ಕೂ ಏರಿಳಿದ ರೀತಿಯನ್ನು ಗುರುತಿಸಬೇಕಾದರೆ ಅನಂತ ಸಂಖ್ಯೆಗಳು ಬೇಕು. ಅಂಥ ಏರಿಳಿತದ ಚಿತ್ರವನ್ನೇ ಒಂದು 'ಬಿಂದು'ವೆಂದು ಎಣಿಸಿ, ಅಂಥ ಎಲ್ಲ ಬಿಂದುಗಳೂ ಇರುವ ಲೋಕವೊಂದನ್ನು ಕಲ್ಪಿಸಿ, ಎರಡು ಬಿಂದುಗಳ ನಡುವೆ ದೂರವನ್ನು ಅಳೆಯಲು ಒಂದು ಗಜಕಡ್ಡಿಯನ್ನಿಟ್ಟರೆ ಹೊಸ ಬಗೆಯ ಜ್ಯಾಮಿತಿ ಹುಟ್ಟುತ್ತದೆ. ಒಂದಕ್ಕೊಂದು ಎಷ್ಟು ಬೇಕಾದರೂ ಹತ್ತಿರವಾಗುತ್ತ ಹೋಗುವ ಬಿಂದುಗಳ ಸಾಲು ಕೊನೆಗೆ ಸೇರುವ ತಾಣವೂ ಆ ಲೋಕದೊಳಗೇ ಇರಬೇಕೆಂಬುದು ಇನ್ನೊಂದು ನಿಯಮ. ಪೋಲೆಂಡಿನ ಸ್ಟೆಫಾನ್ ಬಾನಾಖ್ ೧೯೨೦ರ ತನ್ನ ಪ್ರೌಢಪ್ರಬಂಧದಲ್ಲಿ ಇದನ್ನು ವ್ಯವಸ್ಥಿತವಾಗಿ ನಿರೂಪಿಸಿದ. ಅದಕ್ಕೇ ಇವುಗಳಿಗೆ ಬಾನಾಖ್ ಸ್ಪೇಸ್ ಎಂದು ಹೆಸರು. ನಾನು ಬಾನಾಖ್ ಆಕಾಶ ಎನ್ನುತ್ತೇನೆ. ಅವಕಾಶ ಕೊಡುವುದೇ ಆಕಾಶದ ಲಕ್ಷಣವೆಂದು ನಮ್ಮ ಶಾಸ್ತ್ರಕಾರರು ಹೇಳಿರುವಾಗ ಬೇರೆ ಮಾತನ್ನು ಹುಡುಕಬೇಕಾಗಿಲ್ಲ.

ಗಜಕಡ್ಡಿ ಬದಲಾದರೆ ಆಕಾಶದ ಆಕಾರವೇ ಬದಲಾಗುತ್ತದೆ. ಕೇಂದ್ರದಿಂದ ಒಂದು ಮಾನದ ಒಳಗಿರುವ ಬಿಂದುಗಳನ್ನೆಲ್ಲ ಸೇರಿಸಿದರೆ ಕಾಗದದ ಮೇಲೆ ವೃತ್ತ ಮೂಡುತ್ತದೆಂದು ಎಲ್ಲರಿಗೂ ಗೊತ್ತು. ಅದು ಹಕ್ಕಿ ಹಾರುವ ದಾರಿಯಲ್ಲಿ ಅಳೆದಾಗ. ಬೀದಿಗಳೆಲ್ಲ ಪೂರ್ವಪಶ್ಚಿಮವಾಗಿಯೋ ಉತ್ತರದಕ್ಷಿಣವಾಗಿಯೋ ಇರುವ ಊರಿನಲ್ಲಿ ನಡೆದು ಅಳೆದರೆ ಅದೇ 'ವೃತ್ತ'ವು ಮೂಲೆಯ ಮೇಲೆ ನಿಂತ ಚೌಕವಾಗುತ್ತದೆ! ಅನಂತ ಆಯಾಮಗಳಲ್ಲಿ ಈ ಆಕಾರಗಳ ವೈವಿಧ್ಯಕ್ಕೆ ಮಿತಿಯಿಲ್ಲ. ಆದರೆ ಆಯಾಮಗಳು ಸಾಕಷ್ಟು ಹೆಚ್ಚಾದಾಗ, ಎಷ್ಟೇ ಮೂಲೆಮೊನೆಗಳಿರುವ ಆಕಾರವನ್ನೂ ಕೇಂದ್ರದ ಮೂಲಕ ಸರಿಯಾದ ಜಾಗದಲ್ಲಿ ಸೀಳಿದರೆ ಬಹುಮಟ್ಟಿಗೆ ಗುಂಡಗಿರುವ ಒಂದು ಹೋಳು ಸಿಕ್ಕೇ ಸಿಗುತ್ತದೆಯಂತೆ. ೧೯೬೧ರಲ್ಲಿ ಅಚ್ಚಾದ ದ್ವೊರೆಟ್ಸ್ಕಿಯ ಪ್ರಮೇಯವಿದು. ಇದನ್ನು ಕೇಳಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಈ ಜ್ಯಾಮಿತಿ ಬೆಳೆದದ್ದು ಲ್ವೂಫ್ ನಗರದಲ್ಲಿ. ಆಗ ಅದು ಪೋಲೆಂಡಿನಲ್ಲಿತ್ತು; ಈಗ ಉಕ್ರೇನಿನಲ್ಲಿದೆ. ಅಲ್ಲಿನ ಸ್ಕಾಟಿಷ್ ಕೆಫೆಯಲ್ಲಿ ಬಾನಾಖ್, ಮಜೂರ್, ಉಲಾಮ್ ಮೊದಲಾದವರು ಗಂಟೆಗಟ್ಟಲೆ ಕುಳಿತು ಅಮೃತಶಿಲೆಯ ಮೇಜಿನ ಮೇಲೆಯೇ ಪೆನ್ಸಿಲಿನಿಂದ ಗಣಿತ ಬರೆಯುತ್ತಿದ್ದರು. ಕೆಫೆಯವರು ಒರಸಿಬಿಟ್ಟರೆ ಅದೂ ಹೋಯಿತು. ಕೊನೆಗೆ ಬಾನಾಖನ ಪತ್ನಿ ಒಂದು ದಪ್ಪ ನೋಟುಪುಸ್ತಕ ತಂದುಕೊಟ್ಟರು. ೧೯೩೫ರಿಂದ ೧೯೪೧ರವರೆಗೆ ಅದರಲ್ಲಿ ಬಿಡಿಸಬೇಕಾದ ಸಮಸ್ಯೆಗಳು ಒಂದೊಂದಾಗಿ ಸೇರಿದವು; ಕೆಲವಕ್ಕೆ ಬಹುಮಾನಗಳೂ ಇದ್ದವು. ೧೯೩೬ರ ನವೆಂಬರಿನಲ್ಲಿ ಬರೆದ ೧೫೩ನೆಯ ಸಮಸ್ಯೆಗೆ ಮಜೂರ್ ಇಟ್ಟ ಬಹುಮಾನ ಜೀವಂತವಾದ ಒಂದು ಬಾತುಕೋಳಿ.

ಆಮೇಲಿನದು ನೆನೆಯಲು ಕಷ್ಟವಾದ ಕಥೆ. ೧೯೪೧ರ ಜುಲೈನಲ್ಲಿ ಜರ್ಮನರು ಆ ನಗರದ ಪ್ರಾಧ್ಯಾಪಕರನ್ನು ಹಿಡಿದು ಗುಂಡಿಟ್ಟು ಕೊಂದರು. ಅವರಲ್ಲಿ ಗಣಿತಜ್ಞರೂ ಇದ್ದರು. ಬಾನಾಖ್ ವೈಗಲ್ ಎಂಬ ವೈದ್ಯವಿಜ್ಞಾನಿಯ ಸಂಸ್ಥೆಯಲ್ಲಿ, ಟೈಫಸ್ ಜ್ವರದ ಲಸಿಕೆಗಾಗಿ ಸಾಕಿದ ಹೇನುಗಳಿಗೆ ತನ್ನ ರಕ್ತವನ್ನೇ ಉಣಿಸುತ್ತ ಜೀವ ಉಳಿಸಿಕೊಂಡ. ೧೯೪೫ರ ಆಗಸ್ಟ್ ಕೊನೆಯ ದಿನ ತೀರಿಕೊಂಡ. ನೋಟುಪುಸ್ತಕ ಮಾತ್ರ ಉಳಿಯಿತು. ಸ್ಟೈನ್‌ಹೌಸ್ ಅದರ ಪ್ರತಿಯನ್ನು ಅಮೆರಿಕೆಯಲ್ಲಿದ್ದ ಉಲಾಮನಿಗೆ ಕಳುಹಿಸಿದ. ಉಲಾಮ್ ೧೯೫೭ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಹಂಚಿದ. ಪ್ರತಿಕಾರನೂ ಅನುವಾದಕನೂ ಇಲ್ಲದಿದ್ದರೆ ಆ ಪ್ರಶ್ನೆಗಳಲ್ಲಿ ಎಷ್ಟು ಲೋಕಕ್ಕೆ ತಲಪುತ್ತಿದ್ದವೋ ಹೇಳಲಾರೆ.

ಇನ್ನು ಪಾತ್ರಗಳ ವಿಚಾರ. ಒಂದು ಆಕಾಶದ ಬಿಂದುಗಳನ್ನು ಇನ್ನೊಂದಕ್ಕೆ ನಿಯಮಬದ್ಧವಾಗಿ ಒಯ್ಯುವುದನ್ನು ಇಂಗ್ಲಿಷಿನಲ್ಲಿ ಆಪರೇಟರ್ ಎನ್ನುತ್ತಾರೆ. ಪರಿಕರ್ಮ ಎನ್ನೋಣ. ಇದು ನನ್ನ ಟಂಕಸಾಲೆಯ ಮಾತಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನೆನಿಸಿದ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಗುಣಾಕಾರ ಭಾಗಾಕಾರಾದಿಗಳನ್ನು ಈ ಹೆಸರಿನಿಂದಲೇ ಕರೆದಿದ್ದಾನೆ. ಪರಿಕರ್ಮಗಳಲ್ಲಿ ಕೆಲವು ಸಾಧು, ಕೆಲವು ಪುಂಡ. ಒಂದೇ ಬಗೆಯ ಸಾಧುಗುಣವುಳ್ಳವನ್ನು ಒಟ್ಟುಗೂಡಿಸಿದ ಸಮೂಹಕ್ಕೆ ಐಡಿಯಲ್ ಎಂದು ಹೆಸರು.

ಈ ಐಡಿಯಲ್ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ನಿಘಂಟು ನೋಡಿ 'ಆದರ್ಶ' ಎಂದು ಬರೆದರೆ ವಿದ್ಯಾರ್ಥಿ ದಾರಿ ತಪ್ಪಿದನೆಂದೇ ಅರ್ಥ. ಸಮಸಂಖ್ಯೆಗಳನ್ನು ನೋಡಿ. ಎರಡು ಸಮಸಂಖ್ಯೆಗಳನ್ನು ಕೂಡಿದರೆ ಸಮವೇ. ಸಮಸಂಖ್ಯೆಯನ್ನು ಯಾವ ಪೂರ್ಣಸಂಖ್ಯೆಯಿಂದ ಗುಣಿಸಿದರೂ ಸಮವೇ. ಹೊರಗಿನವರು ಯಾರು ಬಂದು ಸೇರಿದರೂ ತನ್ನ ಗುಣ ಬಿಡದ ಕುಲವಿದು. ಪರಿಕರ್ಮಗಳ ಐಡಿಯಲ್ಲೂ ಹೀಗೆಯೇ: ಆ ಕುಲದ ಒಂದು ಪರಿಕರ್ಮಕ್ಕೆ ಮೊದಲು ಏನನ್ನು ಮಾಡಿ, ಅನಂತರ ಏನನ್ನು ಮಾಡಿ, ಒಟ್ಟು ಕ್ರಿಯೆ ಆ ಕುಲದ್ದೇ ಆಗಿರುತ್ತದೆ. ಅಡುಗೆಯ ಯಾವ ಹಂತದಲ್ಲಿ ಅರಿಸಿನ ಬಿದ್ದರೂ ಕೊನೆಗೆ ಬಣ್ಣ ಹಳದಿಯೇ ಅಲ್ಲವೆ? ಹೆಸರು ಬಂದ ದಾರಿ ಇನ್ನೂ ಸ್ವಾರಸ್ಯವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮ್ಮರ್ ಎಂಬ ಜರ್ಮನ್ ಗಣಿತಜ್ಞ, ವಾಸ್ತವವಾಗಿ ಇಲ್ಲದ ಕೆಲವು 'ಆದರ್ಶ ಸಂಖ್ಯೆ'ಗಳನ್ನು ಕಲ್ಪಿಸಿಕೊಂಡ. ಡೆಡೆಕಿಂಡ್ ಅವನ್ನು ಸಮೂಹಗಳ ಭಾಷೆಯಲ್ಲಿ ಮತ್ತೆ ಹೇಳಿದ. ಐಡಿಯಲ್ ಎಂಬ ಹೆಸರು ಸಮೂಹಕ್ಕೆ ನಿಂತಿತು. ಎಲ್ಲಿ ಹೇಳಿದನೆನ್ನುತ್ತೀರಿ? ಡಿರಿಕ್ಲೆ ಎಂಬ ಹಿರಿಯ ಗಣಿತಜ್ಞನ ಉಪನ್ಯಾಸಗಳನ್ನು ಅವನ ಮರಣಾನಂತರ ಸಂಪಾದಿಸಿ ಅಚ್ಚು ಹಾಕಿಸುತ್ತ, ಅದರ ೧೮೭೧ರ ಆವೃತ್ತಿಗೆ ತಾನು ಸೇರಿಸಿದ ಪರಿಶಿಷ್ಟದಲ್ಲಿ! ಆಧುನಿಕ ಬೀಜಗಣಿತದ ಒಂದು ಆಧಾರಸ್ತಂಭ ಇನ್ನೊಬ್ಬರ ಪುಸ್ತಕದ ಬೆನ್ನಿಗೆ ಹೊಲಿದ ಹಾಳೆಗಳಲ್ಲಿ ಎದ್ದು ನಿಂತಿತು. ನಮ್ಮ ಪರಿಶೀಲಕರ ಕೈಗೆ ಸಿಕ್ಕಿದ್ದರೆ ಡೆಡೆಕಿಂಡನಿಗೆ ಎಷ್ಟು ಅಂಕ ಬರುತ್ತಿತ್ತೋ!

ಈಗ ಎಪ್ಪತ್ತೊಂಬತ್ತು ಪುಟಗಳ ಕಥೆಗೆ ಬರುತ್ತೇನೆ. ಅಲೆಕ್ಸಾಂಡರ್ ಗ್ರೋತೆಂಡೀಕ್ ೧೯೨೮ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವನು. ತಂದೆ ಆಶ್‌ವಿಟ್ಜಿನಲ್ಲಿ ಸತ್ತ. ಯುದ್ಧ ಮುಗಿದಾಗ ಈ ಹುಡುಗ ಯಾವ ದೇಶದ ಪ್ರಜೆಯೂ ಅಲ್ಲ. ಫ್ರಾನ್ಸಿನ ನಾನ್ಸಿಯಲ್ಲಿ ಮೇಧಾವಿಯೆಂದು ಹೆಸರಾದರೂ, ಪೌರತ್ವವಿಲ್ಲದವನಿಗೆ ಅಲ್ಲಿ ಕಾಯಂ ಕೆಲಸ ದೊರೆಯುವುದು ದುಸ್ತರವಾಗಿತ್ತು. ೧೯೫೩ರಲ್ಲಿ ಬ್ರೆಜಿಲಿನ ಸಾವೊಪಾಲೊ ನಗರಕ್ಕೆ ಹೋದ. ಅಲ್ಲಿ ಬರೆದ ಪ್ರಬಂಧ ಆ ನಗರದ ಗಣಿತ ಸಂಘದ ಪತ್ರಿಕೆಯಲ್ಲಿ ೧೯೫೬ರಲ್ಲಿ ಬೆಳಕು ಕಂಡಿತು. ಎರಡು ಬಾನಾಖ್ ಆಕಾಶಗಳನ್ನು ಹೆಣೆದು ಮೂರನೆಯದನ್ನು ಮಾಡುವ ಟೆನ್ಸರ್ ಗುಣನವೆಂಬ ವಿಧಾನವೊಂದಿದೆ. ಆ ಹೆಣಿಗೆಯಲ್ಲಿ ಅಳತೆಯನ್ನು ಸಹಜವಾಗಿ ಇಡುವ ಬಗೆಗಳು ಹದಿನಾಲ್ಕೇ ಎಂದು ಆತ ತೋರಿಸಿದ. ತನ್ನ ಮುಖ್ಯ ಫಲವನ್ನು ಈ ಶಾಸ್ತ್ರದ 'ಮೂಲಭೂತ ಪ್ರಮೇಯ'ವೆಂದೇ ಕರೆದ. ಕೊನೆಯಲ್ಲಿ ಆರು ಪ್ರಶ್ನೆಗಳನ್ನಿಟ್ಟು ಎದ್ದುಹೋದ. ಆಮೇಲೆ ಆತನ ಆಸಕ್ತಿಯೇ ಬೇರೆ ಕಡೆಗೆ ತಿರುಗಿತು, ಅಲ್ಲಿಯೂ ಯುಗಪ್ರವರ್ತಕನೆನಿಸಿದ.

ಪ್ರಬಂಧವನ್ನು ಓದಿದವರು ಬೆರಳೆಣಿಕೆಯಷ್ಟು. ಪತ್ರಿಕೆ ದೂರದ್ದು ಎಂಬುದು ಒಂದು ಕಾರಣ. ದೊಡ್ಡ ಕಾರಣ ಶೈಲಿ. ಸೂತ್ರಪ್ರಾಯವಾದ ಸಂಕ್ಷೇಪ, ಅನೇಕ ಕಡೆ ಸಾಧನೆಯನ್ನು ಓದುಗನಿಗೇ ಬಿಟ್ಟ ಔದಾರ್ಯ, ಹದಿನಾಲ್ಕು ಅಳತೆಗಳ ಚಿಹ್ನೆಗಳ ಕಾಡು. ಪಾಣಿನಿಯನ್ನು ವೃತ್ತಿಯಿಲ್ಲದೆ ಓದಹೊರಟವನ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

೧೯೬೮ರಲ್ಲಿ ಜೆರುಸಲೇಮಿನ ಲಿಂಡೆನ್‌ಸ್ಟ್ರಾಸ್, ವಾರ್ಸಾದ ಪೆವ್‌ಚಿನ್ಸ್ಕಿ ಇಬ್ಬರೂ ಕೂಡಿ ಒಂದು ದೀರ್ಘಲೇಖನವನ್ನು ಪ್ರಕಟಿಸಿದರು. ಪೆವ್‌ಚಿನ್ಸ್ಕಿ ಆ ಬಾತುಕೋಳಿಯ ಮಜೂರನ ಶಿಷ್ಯ. ಲೇಖನ ಬಂದ ಪತ್ರಿಕೆಯಾದರೋ ಬಾನಾಖನೂ ಸ್ಟೈನ್‌ಹೌಸನೂ ೧೯೨೯ರಲ್ಲಿ ಲ್ವೂಫಿನಲ್ಲಿ ಆರಂಭಿಸಿದ್ದು. ಪೋಲೆಂಡ್ ಸರ್ಕಾರ ಇಸ್ರೇಲಿನೊಡನೆ ರಾಜತಾಂತ್ರಿಕ ಸಂಬಂಧವನ್ನು ಕಡಿದುಕೊಂಡು ಆಗ ವರ್ಷವೂ ಸರಿಯಾಗಿ ಕಳೆದಿರಲಿಲ್ಲವೆಂಬುದನ್ನು ನೆನೆದರೆ, ಎರಡು ಹೆಸರುಗಳು ಒಂದೇ ಶೀರ್ಷಿಕೆಯ ಕೆಳಗೆ ನಿಂತಿರುವುದನ್ನು ನೋಡಿ ಮನಸ್ಸಿಗೆ ಹಿತವಾಗುತ್ತದೆ. ಅವರು ಮಾಡಿದ ಕೆಲಸವೇನು? ಟೆನ್ಸರಿನ ಸಿದ್ಧಾಂತಕ್ಕೆ ಅದರದೇ ಸೊಗಸಿದೆಯೆಂದು ಒಪ್ಪಿಕೊಂಡರು. ಆದರೆ ಅದಿಲ್ಲದೆ ಈ ಫಲಗಳನ್ನು ಹೆಚ್ಚು ಸ್ಪಷ್ಟವಾಗಿ ಹೇಳಬಹುದೆಂದು ಹೇಳಿ, ಹೇಳಿಯೂ ತೋರಿಸಿದರು. ಮೂಲಭೂತ ಪ್ರಮೇಯ ಅವರ ಕೈಯಲ್ಲಿ ಸಂಖ್ಯೆಗಳ ಕೋಷ್ಟಕವನ್ನು ಕುರಿತ ಒಂದು ಅಸಮತೆಯಾಯಿತು. ಅದು ಎಷ್ಟು ತಿಳಿಯಾದುದೆಂದರೆ ನನ್ನಂಥವನೂ ಹೇಳಬಲ್ಲ.

ಒಂದು ಕೋಷ್ಟಕ ತೆಗೆದುಕೊಳ್ಳಿ. ಮೊದಲ ಅಡ್ಡಸಾಲಿನಲ್ಲಿ ೧, ೧. ಎರಡನೆಯದರಲ್ಲಿ ೧, −೧. ಪ್ರತಿಯೊಂದು ಅಡ್ಡಸಾಲಿಗೂ ಪ್ರತಿಯೊಂದು ಕಂಬಸಾಲಿಗೂ ನಿಮಗೆ ತೋಚಿದಂತೆ ಅಧಿಕ ಅಥವಾ ಋಣ ಚಿಹ್ನೆ ಕೊಡಿ. ಪ್ರತಿಯೊಂದು ಮನೆಯ ಸಂಖ್ಯೆಯನ್ನೂ ಅದರ ಎರಡು ಚಿಹ್ನೆಗಳಿಂದ ಗುಣಿಸಿ ಎಲ್ಲವನ್ನೂ ಕೂಡಿ. ಏನು ಮಾಡಿದರೂ ಮೊತ್ತ ೨ನ್ನು ದಾಟುವುದಿಲ್ಲ. ಈಗ ಚಿಹ್ನೆಗಳ ಬದಲು ಒಂದು ಮಾನ ಉದ್ದದ ಬಾಣಗಳನ್ನು ಇಡಿ. ಎರಡು ಬಾಣಗಳು ಒಂದೇ ದಿಕ್ಕಿಗಿದ್ದರೆ ಅವುಗಳ ಗುಣಲಬ್ಧ ೧, ಲಂಬವಾಗಿದ್ದರೆ ೦, ವಿರುದ್ಧವಾಗಿದ್ದರೆ −೧. ನಡುವಣ ಕೋನಗಳಿಗೆ ನಡುವಣ ಬೆಲೆ. ಬಾಣಗಳಿಗೆ ಸ್ವಾತಂತ್ರ್ಯ ಹೆಚ್ಚು. ಆದ್ದರಿಂದ ಮೊತ್ತ ೨ರಿಂದ ಸುಮಾರು ೨.೮೩ರವರೆಗೆ ಏರಬಲ್ಲದು, ಅಂದರೆ ೧.೪೧ರಷ್ಟು ಪಾಲು ಹೆಚ್ಚು. ಕೋಷ್ಟಕ ದೊಡ್ಡದಾದರೆ, ಬಾಣಗಳು ಸಾವಿರ ಆಯಾಮಗಳಲ್ಲಿ ತಿರುಗಿದರೆ, ಈ ಪಾಲು ಎಲ್ಲಿಯವರೆಗೆ ಬೆಳೆದೀತು? ಮಿತಿಯಿಲ್ಲದೆ ಬೆಳೆಯುತ್ತದೆಂದೇ ಯಾರಾದರೂ ಊಹಿಸುತ್ತಾರೆ. ಇಲ್ಲ. ಕೋಷ್ಟಕ ಎಷ್ಟೇ ದೊಡ್ಡದಾಗಿರಲಿ, ಒಂದೇ ಒಂದು ಸ್ಥಿರಸಂಖ್ಯೆಯನ್ನು ಅದು ದಾಟಲಾರದು. ಅದು ೧.೬೭ಕ್ಕಿಂತ ಹೆಚ್ಚು, ೧.೭೯ಕ್ಕಿಂತ ಕಡಿಮೆ. ಸರಿಯಾದ ಬೆಲೆ ಇಂದಿಗೂ ಗೊತ್ತಾಗಿಲ್ಲ. ಗ್ರೋತೆಂಡೀಕನ ಸ್ಥಿರಾಂಕವೆಂದು ಅದಕ್ಕೆ ಹೆಸರು.

ಇಷ್ಟು ಬಿಡಿಸಿ ಹೇಳಿದ ಮೇಲೆ ಬಾಗಿಲು ತೆರೆಯಿತು. ಪರಿಕರ್ಮಗಳ ಭಾಷೆಯಲ್ಲಿಯೂ ಅವರು ಅದನ್ನು ಹೇಳಿದರು. ಜಮಾಖರ್ಚಿನ ಪುಸ್ತಕವನ್ನು ನೆನೆಯಿರಿ. ಅನಂತವಾದ ಕಲಮುಗಳನ್ನು ಯಾವ ಕ್ರಮದಲ್ಲಿ ಬರೆದರೂ ಬಾಕಿ ಒಂದೇ ಬರುತ್ತದೆ. ಆದರೆ ಜಮೆ ಖರ್ಚೆನ್ನದೆ ಮೊಬಲಗುಗಳನ್ನೆಲ್ಲ ಒಟ್ಟು ಕೂಡಿದರೆ ಲೆಕ್ಕ ಮಿತಿಮೀರುತ್ತದೆ. ಸಾಮಾನ್ಯ ಸಂಖ್ಯೆಗಳಲ್ಲಿ ಹೀಗಾಗದು. ಅನಂತ ಆಯಾಮದ ಪ್ರತಿಯೊಂದು ಬಾನಾಖ್ ಆಕಾಶದಲ್ಲಿಯೂ ಹೀಗಾಗುವ ಲೆಕ್ಕಗಳಿವೆಯೆಂದು ದ್ವೊರೆಟ್ಸ್ಕಿ, ರಾಜರ್ಸ್ ಇಬ್ಬರೂ ೧೯೫೦ರಲ್ಲಿ ಸಾಧಿಸಿದ್ದರು. ಇಂಥ ಲೆಕ್ಕವನ್ನು ಮಿತಿಗೆ ತಂದುಕೊಡುವ ಪರಿಕರ್ಮಗಳದ್ದು ಒಂದು ಐಡಿಯಲ್. ಮೇಲೆ ಹೇಳಿದ ಬೀದಿಯ ಅಳತೆಯ ಅನಂತ ಆಕಾಶದಿಂದ ಹಕ್ಕಿಯ ಅಳತೆಯ ಆಕಾಶಕ್ಕೆ ಹೋಗುವ, ಮಿತಿಮೀರಿ ಹಿಗ್ಗಿಸದ ಪರಿಕರ್ಮಗಳೆಲ್ಲವೂ ಆ ಕುಲಕ್ಕೇ ಸೇರುತ್ತವೆ. ಮೂಲಭೂತ ಪ್ರಮೇಯದ ಇನ್ನೊಂದು ರೂಪವಿದು. ಜರ್ಮನಿಯ ಯೇನಾದಲ್ಲಿದ್ದ ಪೀಚ್ ಇಂಥ ಕುಲಗಳ ಅಭ್ಯಾಸವನ್ನು ಆಗಲೇ ಕೈಗೊಂಡಿದ್ದ. ಐಡಿಯಲ್ಲುಗಳ ವಂಶಾವಳಿಯನ್ನೆಲ್ಲ ಕಟ್ಟಿಕೊಟ್ಟ ಅವನ ಬೃಹದ್‌ಗ್ರಂಥ ೧೯೭೮ರಲ್ಲಿ ಬಂತು. ಭೌತಶಾಸ್ತ್ರಕ್ಕೂ ಇದು ಹಬ್ಬಿತು. ನಾನು ಮೇಲೆ ಕೊಟ್ಟ ೨, ೨.೮೩ ಎಂಬ ಅಂಕಿಗಳೇ ಕ್ವಾಂಟಮ್ ಲೋಕವನ್ನೂ ನಮ್ಮ ದಿನಬಳಕೆಯ ಲೋಕವನ್ನೂ ಬೇರ್ಪಡಿಸುವ ಗೆರೆಗಳು. ೧೯೮೦ರಲ್ಲಿ ತ್ಸಿರೆಲ್ಸನ್ ಈ ಸಂಬಂಧವನ್ನು ತೋರಿಸಿದ. ದಿನಬಳಕೆಯ ಲೋಕದ ಗೆರೆಯನ್ನು ಪ್ರಕೃತಿ ದಾಟುತ್ತದೆಂದು ಪ್ರಯೋಗದಿಂದ ಸ್ಥಾಪಿಸಿದವರಿಗೆ ೨೦೨೨ರ ನೊಬೆಲ್ ಬಹುಮಾನ ಸಂದಿತು.

ಬಾತುಕೋಳಿಯ ಗತಿಯೇನಾಯಿತೆಂದು ಕೇಳುವವರಿದ್ದೀರಿ. ಗ್ರೋತೆಂಡೀಕನ ಆರು ಪ್ರಶ್ನೆಗಳಲ್ಲಿ ಒಂದು, ಅನಂತ ಆಯಾಮದ ಒಂದು ಬಗೆಯ ಸಾಧು ಪರಿಕರ್ಮಗಳನ್ನು ಸಾಂತ ಆಯಾಮದವುಗಳಿಂದ ಬೇಕಾದಷ್ಟು ಹತ್ತಿರಕ್ಕೆ ಅನುಕರಿಸಬಹುದೇ ಎಂಬುದು. ಬೇರೆ ಮಾತುಗಳಲ್ಲಿ ಮಜೂರ್ ಕೇಳಿದ್ದೂ ಅದನ್ನೇ ಎಂಬುದು ಗ್ರೋತೆಂಡೀಕನ ಕೆಲಸದಿಂದ ಸಿದ್ಧವಾಗಿತ್ತು. ಸ್ವೀಡನ್ನಿನ ಪರ್ ಎನ್‌ಫ್ಲೊ 'ಎಲ್ಲ ಕಡೆ ಸಾಧ್ಯವಿಲ್ಲ' ಎಂದು ಸಾಧಿಸಿ, ೧೯೭೨ರಲ್ಲಿ ವಾರ್ಸಾದಲ್ಲಿ ಮಜೂರನ ಕೈಯಿಂದಲೇ ಬಾತುಕೋಳಿಯನ್ನು ಪಡೆದ. ಮೂವತ್ತಾರು ವರ್ಷದ ಹಿಂದಿನ ಮಾತನ್ನು ಉಳಿಸಿಕೊಂಡ ಆ ವೃದ್ಧನಿಗೆ ನನ್ನ ನಮಸ್ಕಾರ. ಆದರೆ ಎನ್‌ಫ್ಲೊನ ಸಾಧನೆ ಬಹು ಜಟಿಲ. ಮರುವರ್ಷವೇ ಡೇವಿ ಎಂಬಾತ ಅದನ್ನು ಕೆಲವೇ ಪುಟಗಳಿಗೆ ಇಳಿಸಿದ; ಮುಂದೆ ಪಠ್ಯಗ್ರಂಥಕ್ಕೆ ಸೇರಿದ್ದು ಆ ರೂಪ.

ಟೀಕೆಯಿಂದ ನಷ್ಟವಿಲ್ಲವೆಂದು ನಾನು ವಾದಿಸುವುದಿಲ್ಲ. ಟೆನ್ಸರನ್ನು ಬಿಟ್ಟು ಹೇಳಿದ್ದರಿಂದ ಒಂದು ಸಮಗ್ರ ದರ್ಶನ ಕೆಲಕಾಲ ಮರೆಯಾಯಿತೆಂದು ಗಣಿತದ ಮಿತ್ರರು ಹೇಳುತ್ತಾರೆ. ೧೯೯೩ರಲ್ಲಿ ಡೆಫಾಂಟ್, ಫ್ಲೊರೆಟ್ ಎಂಬಿಬ್ಬರು ಟೆನ್ಸರನ್ನೂ ಐಡಿಯಲ್ಲನ್ನೂ ಒಂದೇ ಗ್ರಂಥದಲ್ಲಿ ಕೂಡಿಸಬೇಕಾಯಿತು. ೨೦೦೮ರಲ್ಲಿ ಆ ಎಪ್ಪತ್ತೊಂಬತ್ತು ಪುಟಗಳಿಗೇ ಮೀಸಲಾದ, ಮೂಲಕ್ಕಿಂತ ಬಹಳ ದೊಡ್ಡದಾದ ಭಾಷ್ಯವೊಂದು ಹೊರಬಿತ್ತು. ಅಂದರೆ ಟೀಕಾಕಾರರು ಓದುಗರನ್ನು ಮೂಲದಿಂದ ದೂರ ಒಯ್ಯಲಿಲ್ಲ; ಸುತ್ತುದಾರಿಯಲ್ಲಾದರೂ ಅದರ ಬಾಗಿಲಿಗೇ ತಂದು ಬಿಟ್ಟರು. ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಪಂಪನನ್ನು ಪ್ರವೇಶಿಸಿದ ನನ್ನಂಥವರಿಗೆ ಇದು ಅನುಭವದ ಮಾತು. ಎಲ್ಲ ಟೀಕೆಯೂ ಪೂಜ್ಯವೆಂದಲ್ಲ. ಪದಕ್ಕೆ ಪದವಿಟ್ಟು, ಕಠಿನವಾದ ಕಡೆ ಮೌನ ತಾಳುವ ಪರೀಕ್ಷಾ ಕೈಪಿಡಿಗಳನ್ನು ನಾನು ಸಮರ್ಥಿಸಲಾರೆ. ಮೂಲಕಾರ ನಡೆದ ದಾರಿಯನ್ನು ತಾನೂ ಒಮ್ಮೆ ಪೂರ್ತಿ ನಡೆದು, ಅಲ್ಲಿ ಇನ್ನೊಬ್ಬರು ಕಾಲಿಡುವಂತೆ ಮಾಡಿದವನ ವಿಷಯ ಬೇರೆ. ಲಿಂಡೆನ್‌ಸ್ಟ್ರಾಸ್ ಮತ್ತು ಪೆವ್‌ಚಿನ್ಸ್ಕಿಯರ ಲೇಖನದಲ್ಲಿ ಎಲ್ಲಿ ವಿವರಣೆ ಮುಗಿದು ಎಲ್ಲಿ ಅವರ ಸ್ವಂತದ್ದು ಆರಂಭವಾಯಿತೆಂದು ಗೆರೆ ಎಳೆಯುವುದು ಕಷ್ಟವಂತೆ. ನನ್ನ ಸ್ನೇಹಿತರನ್ನು 'ಸ್ವಂತದ್ದೇನು?' ಎಂದು ಕೇಳಿದವರಿಗೆ ಈ ಗೆರೆಯನ್ನು ಎಳೆದುಕೊಡಿರೆಂದು ಕೇಳಬೇಕೆನಿಸುತ್ತದೆ.

ಆ ಟೀಕೆಯ ಹಸ್ತಪ್ರತಿ ಈಗ ನನ್ನ ಕಪಾಟಿನಲ್ಲಿದೆ. ಹೋದ ತಿಂಗಳು ಗಣಿತದ ಮಿತ್ರರು ಅದನ್ನು ಓದಲೆಂದು ಒಯ್ದರು. ಹಳಗನ್ನಡವನ್ನು ಕಾಲೇಜಿನಲ್ಲಿ ಎರಡು ವರ್ಷ ಕಡ್ಡಾಯವಾಗಿ ಓದಿ ಮರೆತವರು. ಮೂರು ವಾರದ ಮೇಲೆ ಹಿಂದಿರುಗಿಸುತ್ತ, ಮೊದಲ ಆಶ್ವಾಸದ ಒಂದು ಪದ್ಯವನ್ನು ತೆರೆದು ತೋರಿಸಿದರು. ಅದರ ಕೆಳಗೆ ನನ್ನ ಸ್ನೇಹಿತರು 'ಅರ್ಥ ಸ್ಪಷ್ಟ' ಎಂದು ಬರೆದು ಮುಂದೆ ಹೋಗಿದ್ದರು. 'ನಮ್ಮವರೂ ಹೀಗೆಯೇ ಬರೆಯುತ್ತಾರೆ. ಹಾಗೆ ಬರೆದ ಕಡೆಯೇ ನಾವು ಎರಡು ದಿನ ಕೂರುವುದು' ಎಂದರು. ಪದ್ಯವನ್ನು ನಾನೂ ಓದಿದೆ. ಅನ್ವಯ ಎರಡು ರೀತಿಯಾಗಿ ಆಗುತ್ತದೆ. ಸ್ನೇಹಿತರಿಗೆ ಕ್ಯಾಗದ ಬರೆದು ತಿಳಿಸಿದ್ದೇನೆ. ಆ ಪದ್ಯದ ಮುಂದೆ ಮತ್ತೆ ಕುಳಿತಿರುವುದಾಗಿ ಉತ್ತರ ಬಂದಿದೆ.